ಹಲ್ಲಿನ ಡಾಕ್ಟರ ಗಾಲ್ಫ್ ಪ್ರತಾಪ

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ರೋಗಿಗಳಿಗಷ್ಟೇ ಅನ್ವಯಿಸುತ್ತದೆ ಎಂದು ನಮ್ಮ ಹಲ್ಲಿನ ಡಾಕ್ಟರು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದರು. ಅವರ ಕುರ್ಚಿಯಲ್ಲಿ ಒರಗಿದವರೆಲ್ಲ ಬಾಯಿ ತೆರೆದೇ ಇರುತ್ತಿದ್ದರಾದರೂ ಮಾತಾಡುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಬಾಯೊಳಗೆ ಹತ್ತಿಯುಂಡೆ, ಕನ್ನಡಿ, ಡಾಕ್ಟರ ಎರಡು ಬೆರಳು. ಹೀಗಾಗಿ ಮಾತಿನ ಭಾರವೆಲ್ಲ ಡಾಕ್ಟರ ಮೇಲೇ ಬೀಳುತ್ತಿತ್ತು. ಅವರೇನೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯೆದುರು ಅರ್ಧ ವಾಕ್ಯ ಮುಗಿಸಲಾಗದವರಿಗೆ ಆ ಕೋಣೆಯೊಂದೇ ಭಾಷಣಮಂದಿರ. ರೋಗಿ ಪೊಲೀಸಾದರೆ ತಾವು ಕಳ್ಳನನ್ನು ಹಿಡಿದ ಕಥೆ, ಅಡುಗೆಯವರಾದರೆ ತಮ್ಮ ಕೈರುಚಿಯ ವರ್ಣನೆ. ಅಲ್ಲಗಳೆಯುವವರು ಯಾರು? ಹೆಚ್ಚೆಂದರೆ "ಆಂ… ಆಂ…" ಎನ್ನುತ್ತಿದ್ದರು. ಡಾಕ್ಟರು ಅದನ್ನು ಮೆಚ್ಚುಗೆ ಎಂದು ತಿಳಿಯುತ್ತಿದ್ದರು.

ಆ ದಿನ ಕುರ್ಚಿಯಲ್ಲಿದ್ದವರು ಶಾಲೆಯೊಂದರ ಆಡಳಿತ ಮಂಡಳಿಯ ಅಧ್ಯಕ್ಷರು. ಅದೇ ಶಾಲೆಯಲ್ಲಿ ಡಾಕ್ಟರ ಹೆಂಡತಿ ಲೆಕ್ಕದ ಟೀಚರು. ಅಧ್ಯಕ್ಷರ ಅಂಗಿಯ ಮೇಲೆ ಗಾಲ್ಫ್ ಕ್ಲಬ್ಬಿನ ಗುರುತಿತ್ತು. ಅಷ್ಟು ಸಾಕಾಯಿತು.

"ಗಾಲ್ಫಾ ಸರ್? ಒಳ್ಳೇ ಆಟ. ನಾನೂ ಆಡ್ತೀನಿ," ಎಂದರು ಡಾಕ್ಟರು, ದವಡೆಯ ಮೂಲೆಗೆ ಕನ್ನಡಿ ಹಿಡಿಯುತ್ತ. "ದೊಡ್ಡ ಆಟಗಾರ ಅಂತಲ್ಲ, ಏನೋ ಕೈ ಪಳಗಿದೆ ಅಷ್ಟೆ."

"ಆಂ! ಆಂ!" ಎಂದರು ಅಧ್ಯಕ್ಷರು.

ಬಾಯಿ ಮುಕ್ಕಳಿಸಿ ಎದ್ದ ಮೇಲೆ, ಮರಗಟ್ಟಿದ ತುಟಿಯಲ್ಲೇ ಅವರು ಡಾಕ್ಟರ ಎರಡೂ ಕೈ ಹಿಡಿದುಕೊಂಡರು. "ಡಾಕ್ಟ್ರೇ, ದೇವರು ಬಂದ ಹಾಗೆ ಬಂದ್ರಿ! ಇನ್ನು ಮೂರು ವಾರಕ್ಕೆ ನಮ್ಮ ಜೋಡಿ ಪಂದ್ಯ. ನನ್ನ ಜೊತೆಗಾರನಿಗೆ ಸೊಂಟ ಉಳುಕಿದೆ. ನೀವೇ ನನ್ನ ಜೋಡಿ. ಇಲ್ಲ ಅನ್ನಬೇಡಿ. ಲೆಕ್ಕ ಬರೆಯೋಕೂ ಒಬ್ಬರು ಬೇಕು, ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ."

ಈ ಸಲ "ಆಂ… ಆಂ…" ಎಂದದ್ದು ಡಾಕ್ಟರು.

ಸಂಜೆ ಹೆಂಡತಿಗೆ ವಿಷಯ ತಿಳಿಸಿದಾಗ ಆಕೆ ಉತ್ತರಪತ್ರಿಕೆಗಳ ರಾಶಿಯಿಂದ ತಲೆಯೆತ್ತಿ, ಕೆಂಪು ಪೆನ್ನನ್ನು ನಿಧಾನವಾಗಿ ಕೆಳಗಿಟ್ಟರು. ಆ ಪೆನ್ನು ಕೆಳಗಿಳಿಯಿತೆಂದರೆ ಗ್ರಹಚಾರ ಮೇಲೇರಿತು ಎಂದೇ ಅರ್ಥ.

"ನೀವು ಗಾಲ್ಫ್ ಆಡ್ತೀರಾ?"

"ಹಾಗಲ್ಲ ಕಣೇ, ಮಾತಿಗೆ ಮಾತು ಬಂತು…"

"ಯಾರ ಮಾತಿಗೆ? ಅವರ ಬಾಯಲ್ಲಿ ನಿಮ್ಮ ಕೈ ಇತ್ತಲ್ಲ! ರೀ, ಪಂದ್ಯ ಆದ ಮರುದಿನವೇ ಮಂಡಳಿ ಸಭೆ. ಮುಖ್ಯೋಪಾಧ್ಯಾಯರ ಹುದ್ದೆಗೆ ಮೂರು ಹೆಸರಿದೆ, ಅದರಲ್ಲಿ ನನ್ನದೂ ಒಂದು. ಹನ್ನೊಂದು ವರ್ಷ ಕಾದಿದ್ದೀನಿ. ನೀವು ಹೋಗಿ ಅವರ ಮಾನ ತೆಗೆದ್ರೆ ನನ್ನ ಗತಿ ಏನು? ಈಗಲೇ ಫೋನ್ ಮಾಡಿ, ಬರಲ್ಲ ಅಂತ ನಿಜ ಹೇಳಿ."

ಡಾಕ್ಟರು ಫೋನ್ ಮಾಡಿದರು. ಆ ಕಡೆಯಿಂದ, "ಓಹೋ ಡಾಕ್ಟ್ರೇ! ನಿಮ್ಮ ಹೆಸರು ಆಗಲೇ ಪಟ್ಟಿಗೆ ಸೇರಿಸಿಬಿಟ್ಟೆ! ಕ್ಲಬ್ಬಿನಲ್ಲೆಲ್ಲ ಹೇಳಿದ್ದೀನಿ, ಈ ಸಲ ಹುಲಿ ತರ್ತಿದ್ದೀನಿ ಅಂತ!" ಎಂಬ ಅಬ್ಬರ ಕೇಳಿತು. ಹುಲಿ "ಹೆಹೆ" ಎಂದು ಫೋನಿಟ್ಟಿತು.

"ಸರಿ," ಎಂದರು ಹೆಂಡತಿ, ತೀರ್ಪು ಓದುವವರ ಹಾಗೆ. "ಮೂರು ವಾರ ಇದೆ. ಕಲೀರಿ."

ಊರಾಚೆ ಕಾಲುವೆಯ ಪಕ್ಕ ಪುರಸಭೆಯ ಗಾಲ್ಫ್ ಮೈದಾನವಿತ್ತು. ಒಂಬತ್ತು ಕುಳಿಗಳ ಪುಟ್ಟ ಮೈದಾನ. ಬಾಡಿಗೆಗೆ ಕೋಲು, ಚೆಂಡು ಕೊಡುತ್ತಿದ್ದರು. ಹೊಸಬರಿಗೆ ಪಾಠ ಹೇಳುತ್ತಿದ್ದವರು ಅರವತ್ತು ದಾಟಿದ, ಗಿಡ್ಡಗಿನ, ಗಟ್ಟಿ ಗಂಟಲಿನ ಹೆಂಗಸು. ಹಿಂದೆ ಅಂಚೆ ಹಂಚುತ್ತಿದ್ದರಂತೆ. ಎಲ್ಲರೂ ಅವರನ್ನು ಕೋಚಮ್ಮ ಎನ್ನುತ್ತಿದ್ದರು.

ಡಾಕ್ಟರು ಮೊದಲ ದಿನ ಕೋಲೆತ್ತಿ, ಉಸಿರು ಬಿಗಿಹಿಡಿದು ಬೀಸಿದರು. ಚೆಂಡು ಇದ್ದಲ್ಲೇ ಇತ್ತು. ಅಂಗೈಯಗಲ ಹುಲ್ಲಿನ ಹೆಂಟೆಯೊಂದು ಮಾತ್ರ ಮೇಲೆದ್ದು ಹತ್ತು ಮಾರು ದೂರ ಹೋಗಿ ಬಿತ್ತು.

"ಡಾಕ್ಟ್ರೇ, ಅದು ಹಲ್ಲಲ್ಲ," ಎಂದರು ಕೋಚಮ್ಮ. "ಬೇರು ಸಮೇತ ಕೀಳಬೇಡಿ."

ಎರಡನೆಯ ಬೀಸಿಗೆ ಇನ್ನೊಂದು ಹೆಂಟೆ. ಮೂರನೆಯದಕ್ಕೆ ಮತ್ತೊಂದು. ಬದುಕಿಡೀ ತೂತು ಮುಚ್ಚಿ ಅನ್ನ ತಿಂದ ಮನುಷ್ಯ ಒಂದು ಗಂಟೆಯೊಳಗೆ ಆ ಹಸಿರು ನೆಲದಲ್ಲಿ ಇಪ್ಪತ್ತು ಹೊಸ ತೂತು ಕೊರೆದಿದ್ದರು. ಕೋಚಮ್ಮ ಮಣ್ಣಿನ ಬುಟ್ಟಿಯನ್ನು ಅವರ ಕೈಗೆ ಕೊಟ್ಟು, "ಇದಾದ್ರೂ ಬರುತ್ತಲ್ಲ? ತುಂಬಿ," ಎಂದರು. ಡಾಕ್ಟರು ಮಂಡಿಯೂರಿ ಒಂದೊಂದೇ ತೂತನ್ನು ಎಂಥಾ ನಾಜೂಕಿನಿಂದ ತುಂಬಿದರೆಂದರೆ, ಗುರುಗಳಿಂದ ಅವರಿಗೆ ಸಿಕ್ಕ ಮೊದಲ ಮೆಚ್ಚುಗೆ ಅದಕ್ಕೇ. (ಕೊನೆಯದೂ ಅದೇ.)

ಮನೆಯಲ್ಲೂ ಸಾಧನೆ ನಡೆಯಿತು. ನಡುಮನೆಯಲ್ಲಿ ಲೋಟ ಮಲಗಿಸಿ, ದೂರದಿಂದ ಚೆಂಡನ್ನು ಅದರೊಳಕ್ಕೆ ಉರುಳಿಸುವ ಅಭ್ಯಾಸ. ಚೆಂಡು ಲೋಟವೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಹೋಯಿತು. ಸೋಫಾದಡಿ, ಬಚ್ಚಲು, ಪಾತ್ರೆಗೂಡು, ಕಡೆಗೆ ಅತ್ತೆಯವರ ಕೋಣೆ. ಅತ್ತೆ ಕಣ್ಣುಮುಚ್ಚಿ ಒರಗಿದ್ದವರು ಬಾಗಿಲಿಗೆ ಚೆಂಡು ಬಡಿದದ್ದೇ, "ಯಾರದು ಬಾಗಿಲು ತಟ್ಟಿದ್ದು?" ಎಂದರು.

"ನಾನು ಅತ್ತೆ. ಗಾಲ್ಫ್ ಆಡ್ತಿದ್ದೆ."

"ಪಾಪ, ಆಡ್ಕೊಳ್ಳಿ ಅಳಿಯಂದ್ರೇ," ಎಂದು ಆ ತಾಯಿ ಮಗ್ಗುಲು ಬದಲಿಸಿದರು. "ಚಿಕ್ಕವರಿದ್ದಾಗ ಆಡೋಕೆ ಬಿಡಲಿಲ್ಲ ಅಂತ ಕಾಣುತ್ತೆ."

ಮೂರು ವಾರ ಮುಗಿಯುವ ಹೊತ್ತಿಗೆ ಡಾಕ್ಟರಿಗೆ ಹತ್ತಕ್ಕೆ ಮೂರು ಸಲ ಚೆಂಡು ತಾಕುತ್ತಿತ್ತು. ಅಂಗೈಯಲ್ಲಿ ನಾಲ್ಕು ಬೊಕ್ಕೆ, ಸೊಂಟದಲ್ಲಿ ಸದಾ ಒಂದು ಚಳುಕು.

ಆ ಭಾನುವಾರ ಬಂದೇ ಬಂತು. ಕ್ಲಬ್ಬಿನ ಮೈದಾನ ಪುರಸಭೆಯದರಂತಲ್ಲ. ಬಾಚಿ ಇಸ್ತ್ರಿ ಮಾಡಿದ ಹಾಗಿದ್ದ ಹುಲ್ಲು, ಬಿಳಿ ಟೋಪಿಯ ಜನ, ಪಿಸುಮಾತಿನ ಚಪ್ಪಾಳೆ. ಜೋಡಿಗೆ ಒಂದೇ ಚೆಂಡು, ಇಬ್ಬರೂ ಸರದಿಯಂತೆ ಹೊಡೆಯಬೇಕು, ಎಷ್ಟು ಕಡಿಮೆ ಹೊಡೆತದಲ್ಲಿ ಒಂಬತ್ತು ಕುಳಿ ಮುಗಿಯುತ್ತದೋ ಅಷ್ಟು ಮೇಲು. ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಜೋಡಿಯನ್ನು ಬಿಡುತ್ತಿದ್ದರು. ಲೆಕ್ಕದ ಟೀಚರು ಚೂಪಾಗಿ ಹೆರೆದ ಪೆನ್ಸಿಲು, ರಟ್ಟಿಗೆ ಸಿಕ್ಕಿಸಿದ ಕಾಗದ ಹಿಡಿದು ಪರೀಕ್ಷಾ ಮೇಲ್ವಿಚಾರಕಿಯಂತೆ ನಿಂತರು.

"ನೀವೇ ಮೊದಲು, ಡಾಕ್ಟ್ರೇ," ಎಂದರು ಅಧ್ಯಕ್ಷರು ಘನವಾಗಿ.

ಡಾಕ್ಟರು ಬೀಸಿದರು. ಗಾಳಿ ಸೀಳಿತು. ಚೆಂಡು ಕದಲಲಿಲ್ಲ.

"ಅಭ್ಯಾಸದ ಬೀಸು! ಅಭ್ಯಾಸದ ಬೀಸು!" ಎಂದು ಅಧ್ಯಕ್ಷರು ಸುತ್ತಲಿನವರಿಗೆ ಕೇಳುವಂತೆ ಕೂಗಿದರು. ಟೀಚರು ಕಾಗದದ ಮೇಲೆ ಒಂದು ಗೆರೆ ಎಳೆದರು.

ಎರಡನೆಯದಕ್ಕೆ ಚೆಂಡು ನಿಜಕ್ಕೂ ಹಾರಿತು. ಕುಳಿಯ ಗುರುತಿನ ಬಾವುಟ ನೇರ ಎದುರಿಗಿತ್ತು. ಚೆಂಡು ಮಾತ್ರ ಬಲಕ್ಕೆ ತಿರುಗಿ, ಮುಳ್ಳುಪೊದೆಯೊಂದಕ್ಕೆ ನುಗ್ಗಿ ಕಣ್ಮರೆಯಾಯಿತು. ಡಾಕ್ಟರು ಭೂಮಿ ಬಾಯ್ಬಿಡಲಿ ಎಂದು ಹಾರೈಸಿದರು. ವಿಚಿತ್ರವೆಂದರೆ ಅಧ್ಯಕ್ಷರ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಹೆಗಲಿಂದ ಮೂಟೆ ಇಳಿಸಿದಂತಿತ್ತು. "ಬನ್ನಿ ಬನ್ನಿ, ಒಳಗೆ ಹೋಗೋಣ," ಎಂದು ಅವಸರಿಸಿ ತಾವೇ ಮೊದಲು ಪೊದೆ ಹೊಕ್ಕರು.

ಒಳಗೆ ಚೆಂಡು ಸಿಕ್ಕಿತು. ಸರದಿ ಅಧ್ಯಕ್ಷರದು. ಅವರು ಕೋಲನ್ನು ಪೊರಕೆ ಹಿಡಿದಂತೆ ಹಿಡಿದು ಬೀಸಿದರು. ಸೊಂಯ್! ಚೆಂಡು ಅಲ್ಲೇ. ಡಾಕ್ಟರು ಬೀಸಿದರು. ಸೊಂಯ್! ಮತ್ತೆ ಅಧ್ಯಕ್ಷರು. ಕೋಲು ಬೇರಿಗೆ ಸಿಕ್ಕಿಕೊಂಡಿತು. ಹೊರಗಿನಿಂದ ಟೀಚರ ಸ್ವರ ಸ್ಪಷ್ಟವಾಗಿ ಕೇಳುತ್ತಿತ್ತು: "ಮೂರು… ನಾಲ್ಕು… ಐದು…"

ಅಧ್ಯಕ್ಷರು ಕೋಲು ಎಸೆದು ಮಣ್ಣಿನ ಮೇಲೇ ಕುಕ್ಕರಿಸಿದರು. "ಡಾಕ್ಟ್ರೇ," ಎಂದರು ಪಿಸುದನಿಯಲ್ಲಿ, "ಯಾರಿಗೂ ಹೇಳಬೇಡಿ. ನನಗೆ ಈ ಆಟ ಬರಲ್ಲ."

"ಏನಂದ್ರಿ?"

"ಎಂಟು ವರ್ಷದಿಂದ ಕ್ಲಬ್ಬಿನ ಕಮಿಟಿಯಲ್ಲಿದ್ದೀನಿ. ಮೀಟಿಂಗ್ ನಡೆಸ್ತೀನಿ, ಬಹುಮಾನ ಹಂಚ್ತೀನಿ. ಆಡೋಕೆ ಬರಲ್ಲ ಅಂತ ಹೇಳೋ ಸಂದರ್ಭವೇ ಬರಲಿಲ್ಲ. ಪ್ರತಿ ಪಂದ್ಯಕ್ಕೂ ಆ ಜೊತೆಗಾರ ಹೇಗೋ ಎಳ್ಕೊಂಡು ಹೋಗ್ತಿದ್ದ. ನೀವು ಪಳಗಿದ ಕೈ ಅಂದ್ರಲ್ಲ, ಬದುಕಿದೆ ಅಂದ್ಕೊಂಡೆ. ಚೆಂಡು ಪೊದೆಗೆ ಬಿದ್ದಾಗ, ಸದ್ಯ ನನ್ನ ಹೊಡೆತ ಯಾರಿಗೂ ಕಾಣಲ್ಲ ಅಂತ ಓಡಿ ಬಂದೆ. ನಿಜ ಹೇಳಿ, ಎಷ್ಟು ವರ್ಷದಿಂದ ಆಡ್ತಿದ್ದೀರಿ?"

"ಮೂರು ವಾರ ಸರ್."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ತುಸು ಹೊತ್ತಿಗೆ ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ಎಲೆಗಳ ಮೇಲೆ ಉರುಳುತ್ತಿದ್ದರು, ಡಾಕ್ಟರ ಕಣ್ಣಲ್ಲಿ ನೀರು. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದು, ಪೊದೆಯೊಳಗೆ ತಣ್ಣನೆ ಗಾಳಿ ಬೀಸಿದಂತಾಯಿತು.

"ಒಳಗೆ ಏನ್ ನಡೀತಿದೆ?" ಎಂದಿತು ಹೊರಗಿನ ಸ್ವರ. "ಅದನ್ನೂ ಎಣಿಸಬೇಕಾ?"

ಅಂತೂ ಚೆಂಡು ಪೊದೆಯಿಂದ ಹೊರಬಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಆದರೆ ಗಾಲ್ಫಿನಲ್ಲಿ ನೆಲ ನಿಜಕ್ಕೂ ಡೊಂಕು, ಇದನ್ನು ಅವರ ಪರವಾಗಿ ಹೇಳಲೇಬೇಕು. ಕುಳಿಯ ಬಳಿಗೆ ಬಂದ ಚೆಂಡು ಇಳಿಜಾರಿನಲ್ಲಿ ನಾಲ್ಕು ಸಲ ಹಿಂದಕ್ಕುರುಳಿ, ಕೊನೆಗೆ ಬೇಸತ್ತು ತಾನಾಗಿಯೇ ಒಳಗೆ ಬಿತ್ತು.

"ಟೀಚರೇ," ಎಂದರು ಅಧ್ಯಕ್ಷರು ಮುಖ ಒರೆಸಿಕೊಳ್ಳುತ್ತ, "ಏಳು ಅಂತ ಬರ್ಕೊಳ್ಳಿ."

"ಹದಿನಾಲ್ಕು ಸರ್."

"ಅರ್ಧ ಅವರದು, ಅರ್ಧ ನನ್ನದು. ಏಳೇ ಅಲ್ವಾ?"

"ಜೋಡಿ ಅಂದ ಮೇಲೆ ಕೂಡಿಸಬೇಕು ಸರ್. ಭಾಗಿಸೋಕೆ ಬರಲ್ಲ."

ಡಾಕ್ಟರು ಅಧ್ಯಕ್ಷರ ಬೆನ್ನ ಹಿಂದಿನಿಂದ ಹುಬ್ಬು ಹಾರಿಸಿದರು, ಕಣ್ಣು ಮಿಟುಕಿಸಿದರು, ಕೈ ಮುಗಿದರು.

"ಏನ್ರೀ, ಕಣ್ಣಿಗೆ ಕಸ ಬಿತ್ತಾ?" ಎಂದರು ಹೆಂಡತಿ ಜೋರಾಗಿ.

ಪ್ರತಿ ಕುಳಿಯ ಬಳಿಯೂ ಇದೇ ಪ್ರಸಂಗ. ಅಧ್ಯಕ್ಷರು ಒಮ್ಮೆ ನಗುತ್ತ, ಒಮ್ಮೆ ಗಂಭೀರವಾಗಿ, ಒಮ್ಮೆ "ನಾಳೆ ಸಭೆ ಇದೆ, ನೆನಪಿದೆ ತಾನೇ?" ಎಂದು ಕೆಮ್ಮುತ್ತ ಕೇಳಿದರು. ಆ ಮಾತಿಗೆ ಟೀಚರ ಪೆನ್ಸಿಲು ಕ್ಷಣಕಾಲ ತಡೆಯಿತು. ಡಾಕ್ಟರು ಅದನ್ನು ಕಂಡರು. ಹನ್ನೊಂದು ವರ್ಷ ಸಣ್ಣ ಮಾತಲ್ಲ. ಆಮೇಲೆ ಆಕೆ ಇದ್ದದ್ದನ್ನು ಇದ್ದ ಹಾಗೇ ಬರೆದು, "ಹದಿಮೂರು ಸರ್," ಎಂದರು. ಸ್ವರ ಮಾತ್ರ ಎಂದಿಗಿಂತ ಸಣ್ಣದಾಗಿತ್ತು. ಡಾಕ್ಟರಿಗೆ ಕೋಲನ್ನು ತಮ್ಮ ತಲೆಗೇ ಬೀಸಿಕೊಳ್ಳಬೇಕೆನಿಸಿತು. (ತಾಕುವ ನಂಬಿಕೆ ಇರಲಿಲ್ಲವಾಗಿ ಬಿಟ್ಟರು.)

ಒಂಬತ್ತು ಕುಳಿಗೆ ನೂರ ಹದಿನೇಳು ಹೊಡೆತ. ಅಧ್ಯಕ್ಷರು ಕಾಗದ ತೆಗೆದುಕೊಂಡು ನೇರ ಒಳಗೆ ಹೋದರು.

ಊಟದ ಸಾಲಿನಲ್ಲಿ ಗಂಡಹೆಂಡಿರು ತಟ್ಟೆ ಹಿಡಿದು ನಿಂತರು.

"ತಪ್ಪೆಲ್ಲ ನಂದೇ ಕಣೇ," ಎಂದರು ಡಾಕ್ಟರು. "ನನ್ನ ಬಾಯಿ ಹೊಲಿಸಿಬಿಡು."

"ಹೊಲಿಸೋಣ. ಈಗ ಊಟ ಮಾಡಿ," ಎಂದರು ಹೆಂಡತಿ. ತಟ್ಟೆಗೆ ಏನು ಬಡಿಸಿಕೊಳ್ಳುತ್ತಿದ್ದೇನೆಂದು ಆಕೆ ನೋಡುತ್ತಿರಲಿಲ್ಲ.

ಆಗ ಅಧ್ಯಕ್ಷರೇ ಎದುರಿಗೆ ಬಂದು ನಿಂತರು.

"ಟೀಚರೇ, ನನ್ನ ಮೊಮ್ಮಗನಿಗೆ ಕಳೆದ ಪರೀಕ್ಷೆಯಲ್ಲಿ ನೂರಕ್ಕೆ ಎಂಟು ಕೊಟ್ಟಿದ್ರಿ."

ಡಾಕ್ಟರ ಕೈಯ ಚಮಚ ಕೆಳಗೆ ಬಿತ್ತು. ಈ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

"ಹೌದು ಸರ್. ಎಂಟೇ ಬಂದಿದ್ದು."

"ನಮ್ಮ ಮನೆ ಮೇಲೆ ನಿಮಗೇನೋ ಹಗೆ ಅಂತ ಅಂದ್ಕೊಂಡಿದ್ದೆ. ನಿಮ್ಮ ಹೆಸರಿಗೆ ಬೇಡ ಅನ್ನೋಣ ಅಂತಲೇ ಇದ್ದೆ. ಇವತ್ತು ಒಂಬತ್ತು ಸಲ ಕೇಳಿದೆ, ಒಂಬತ್ತು ಸಲವೂ ಜಗ್ಗಲಿಲ್ಲ. ಅದೂ ಕಟ್ಟಿಕೊಂಡ ಗಂಡನ ಲೆಕ್ಕ! ನಿಮಗೆ ಯಾರ ಮೇಲೂ ಹಗೆ ಇಲ್ಲಮ್ಮ, ನಿಮ್ಮ ಪೆನ್ಸಿಲೇ ಹಾಗೆ." ಅವರು ದನಿ ತಗ್ಗಿಸಿದರು. "ಉಳಿದ ಸದಸ್ಯರ ಜೊತೆ ಬೆಳಿಗ್ಗೆಯೇ ಮಾತಾಡಿದ್ದೆ. ಅವರೆಲ್ಲ ನಿಮ್ಮ ಕಡೆಗೇ ಇದ್ದಾರೆ. ನಾನೊಬ್ಬ ಅಡ್ಡ ಇದ್ದೆ. ಈಗ ಇಲ್ಲ. ನಾಳೆ ಕಾಗದ ಬರುತ್ತೆ."

ಟೀಚರು ತಟ್ಟೆಯನ್ನು ಗಂಡನ ತಟ್ಟೆಯ ಮೇಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರು ಎರಡೂ ತಟ್ಟೆ ಹಿಡಿದುಕೊಂಡೇ ಹತ್ತಿರದ ಕುರ್ಚಿಯಲ್ಲಿ ಕೂತರು. ಎಂಥ ನೆಮ್ಮದಿ! ಹೆಂಡತಿಗೆ ಹುದ್ದೆ, ಅಧ್ಯಕ್ಷರ ಸ್ನೇಹ, ಎಲ್ಲಕ್ಕಿಂತ ಮಿಗಿಲಾಗಿ ಈ ಹಾಳು ಕೋಲನ್ನು ಇನ್ನು ಜನ್ಮದಲ್ಲಿ ಮುಟ್ಟಬೇಕಿಲ್ಲ.

ಆಗಲೇ ವೇದಿಕೆಯಿಂದ ಮೈಕು ಕೂಗಿತು. ಮೊದಲ ಬಹುಮಾನ, ಎರಡನೆಯದು. ಆಮೇಲೆ, "ಈ ವರ್ಷದಿಂದ ಒಂದು ಹೊಸ ಬಹುಮಾನ. ಅತಿ ಹೆಚ್ಚು ಹೊಡೆತ ಹೊಡೆದರೂ ಛಲ ಬಿಡದೆ ಒಂಬತ್ತು ಕುಳಿ ಮುಗಿಸಿದ ಜೋಡಿಗೆ!"

ಉಳಿದ ಜೋಡಿಗಳೆಲ್ಲ ತಂತಮ್ಮ ಲೆಕ್ಕ ತಾವೇ ಬರೆದುಕೊಂಡಿದ್ದವು. ಎಪ್ಪತ್ತರ ಮೇಲೆ ಯಾರೂ ಏರಿರಲಿಲ್ಲ. ನೂರ ಹದಿನೇಳು ಬಾವುಟದ ಕಂಬದಂತೆ ಒಂಟಿಯಾಗಿ ನಿಂತಿತ್ತು.

"ಬಹುಮಾನ, ಒಂದು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಉಚಿತ ತರಬೇತಿ! ಬೇರೆಯವರಿಗೆ ವರ್ಗಾಯಿಸುವಂತಿಲ್ಲ!"

ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಲೆಕ್ಕದ ಟೀಚರು.

ವೇದಿಕೆಯಲ್ಲಿ ಹೂಗುಚ್ಛ ಹಿಡಿದು ನಗುತ್ತ ನಿಂತಿದ್ದಾಗ, ಅಧ್ಯಕ್ಷರು ತುಟಿ ಅಲುಗಿಸದೆ ಕೇಳಿದರು: "ಡಾಕ್ಟ್ರೇ, ಭಾನುವಾರ ಬೆಳಿಗ್ಗೆ ಮನೆಯಿಂದ ಹೊರಗೆ ಹೋಗಬಾರದು ಅನ್ನೋ ಥರದ್ದು ಯಾವುದಾದರೂ ಹಲ್ಲಿನ ಕಾಯಿಲೆ ಇದೆಯಾ? ಒಂದು ಸರ್ಟಿಫಿಕೇಟ್ ಬರ್ಕೊಡಿ."

"ನಿಮಗೆ ಈಗಲೇ ಬರ್ಕೊಡ್ತೀನಿ ಸರ್. ನನಗೆ ಯಾರು ಕೊಡ್ತಾರೆ?"

"ನಿಮ್ಮ ಮನೆಯವರನ್ನ ಕೇಳಿ ನೋಡಿ. ಒಂದು ರಜಾ ಅರ್ಜಿ ಹಾಕಿ."

ಮನೆಗೆ ಮರಳುವಾಗ, ಕಾರಿನಲ್ಲಿ ಡಾಕ್ಟರು ಕೈ ಕೈ ಹೊಸೆಯುತ್ತ, ಬಹಳ ವಿನಯದಿಂದ ಅರ್ಜಿ ಸಲ್ಲಿಸಿದರು. ಸೊಂಟನೋವು, ಬೊಕ್ಕೆ, ಭಾನುವಾರದ ನಿದ್ದೆ, ಎಲ್ಲವನ್ನೂ ನಮೂದಿಸಿದರು. ಇನ್ನೂ ನೇಮಕದ ಕಾಗದವೇ ಬರದ ಮುಖ್ಯೋಪಾಧ್ಯಾಯಿನಿ ಕೊನೆಯವರೆಗೂ ಸಮಾಧಾನವಾಗಿ ಕೇಳಿಸಿಕೊಂಡರು.

"ನಾಮಂಜೂರು," ಎಂದರು. "ಬರುವ ಭಾನುವಾರ ಐದೂವರೆಗೆ ಎಬ್ಬಿಸ್ತೀನಿ. ಹಾಗೇ ಬರುವಾಗ ಹಾಲು ತಗೊಂಡು ಬನ್ನಿ."