ಅಮಾವಾಸ್ಯೆಗೊಮ್ಮೆ ಸಾಯುವ ಕಾರು

ವಿದ್ಯುತ್ತಿನ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂದು ನಾನು ಬಹಳ ವರ್ಷ ನಂಬಿದ್ದೆ. ಇಳಕಲ್ಲಿನ ಹೈಸ್ಕೂಲೊಂದರಲ್ಲಿ ಹತ್ತನೇ ತರಗತಿಗೆ ಇಪ್ಪತ್ತೆರಡು ವರ್ಷದಿಂದ ಅದೇ ಪಾಠ ಹೇಳುತ್ತಿದ್ದೇನೆ. ಮಂಡಲ ಮುಚ್ಚಿದ್ದರೆ ವಿದ್ಯುತ್ ಹರಿಯುತ್ತದೆ, ತೆರೆದಿದ್ದರೆ ಹರಿಯುವುದಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಿದ್ದೆ ಬಂದಿದ್ದರೆ! ನಾನು ಹುಟ್ಟಾ ಚಿಂತೆಯ ಮನುಷ್ಯ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಹೊರಟ ಬಸ್ಸಿನಿಂದ ಇಳಿದು ಮನೆಗೆ ಓಡಿ ಬಂದವನು. ಗ್ಯಾಸ್ ಆರಿತ್ತು. ಬಸ್ಸು ಹೋಗಿತ್ತು.

ಇಂಥ ನನ್ನ ಪಾಲಿಗೆ ಹದಿನೆಂಟು ವರ್ಷದ ಒಂದು ಕಾರಿದೆ. ಶಾಲೆ ನಡಿಗೆಯ ದೂರದಲ್ಲೇ ಇರುವುದರಿಂದ ಅದು ಮನೆಯ ಮುಂದಿನ ಬೇವಿನ ಮರದ ಕೆಳಗೆ ಸದಾ ನಿಂತಿರುತ್ತದೆ. ಪಕ್ಕದ ಮನೆಯ ಸಂಗಪ್ಪ ಸೀರೆ ವ್ಯಾಪಾರದವರು. ಮಾತಿನಲ್ಲಿ ಜರಿ ಜಾಸ್ತಿ. "ಸರ, ನಿಮ್ಮ ಕಾರ ಭಾಳ ಶಾಂತ ಸ್ವಭಾವದ್ದು ನೋಡ್ರಿ. ಯಾರ ತಂಟಿಗೂ ಹೋಗಂಗಿಲ್ಲ" ಎನ್ನುತ್ತಾರೆ.

ಆ ಶಾಂತ ಸ್ವಭಾವ ಮೂರು ತಿಂಗಳ ಹಿಂದೆ ಸಮಾಧಿ ಸ್ಥಿತಿಗೆ ಏರಿತು. ಕೀಲಿ ತಿರುಗಿಸಿದರೆ 'ಟಿಕ್' ಎಂದಿತು. ಅಷ್ಟೇ. ಮೆಕ್ಯಾನಿಕ್ ಹುಸೇನಸಾಬ್ ತನ್ನ ಬ್ಯಾಟರಿ ತಂದು ವಯರು ಜೋಡಿಸಿ ಎಬ್ಬಿಸಿದ. ಊರ ಹೊರಗಿನ ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ ಪರೀಕ್ಷೆ ಮಾಡಿದ. ಎಲ್ಲವೂ ಸರಿ! ದವಾಖಾನೆಯ ಮೆಟ್ಟಿಲು ಹತ್ತಿದ ಕೂಡಲೇ ಜ್ವರ ಇಳಿಯುವ ರೋಗಿಯ ಹಾಗೆ.

"ಬ್ಯಾಟರಿ ಖರೇನ ಚಲೋ ಐತ್ರಿ ಸರ" ಎಂದ. "ನಿಂತಾಗ ಒಳಗ ಯಾರೋ ಕುಡ್ಯಾಕತ್ತಾರ. ಹಿಡೀಬೇಕು ಅಷ್ಟ. ಈ ಮುಂದಿನ ಡಬ್ಬಿ ತಗದು ನೋಡ್ಲೇನು?"

"ಬ್ಯಾಡ, ಬ್ಯಾಡ!" ಎಂದೆ ನಾನು, ಸ್ವಲ್ಪ ಜೋರಾಗಿಯೇ. "ಗ್ಲೋವ್ ಬಾಕ್ಸಿನಾಗ ಬರೀ ಕಾಗದಪತ್ರ ಅವ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಆ ಕೈಯನ್ನು ನಾನು ತಡೆಯದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮುಂದಿನ ತಿಂಗಳು ಮತ್ತೆ 'ಟಿಕ್'. ಮತ್ತೆ ಗ್ಯಾರೇಜು, ಮತ್ತೆ ಎಲ್ಲವೂ ಸರಿ. ನಾನು ಶಿಸ್ತಿನ ಮನುಷ್ಯನಾದ್ದರಿಂದ ಮರಣದ ದಿನಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನು ನೋಡಿದ ಹೆಂಡತಿ ಸುಮಿತ್ರಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, "ಏನ್ರಿ, ಇದು ಅಮಾಸಿ ಮುಗಿದ ಎರಡ ದಿನಕ್ಕ ಬರೋಬ್ಬರಿ ಸಾಯ್ತೈತಲ್ರಿ!" ಎಂದಳು.

"ಕಾಕತಾಳೀಯ" ಎಂದೆ ನಾನು. ಶಾಲೆಯ ವಿಜ್ಞಾನ ಸಂಘದ ಸಂಚಾಲಕ ಇನ್ನೇನು ಹೇಳಬೇಕು? ಹಿಂದಿನ ಶನಿವಾರವಷ್ಟೇ ಮೂಢನಂಬಿಕೆಯ ಮೇಲೆ ಮುಕ್ಕಾಲು ಗಂಟೆ ಭಾಷಣ ಮಾಡಿದ್ದೆ.

ಆದರೆ ಮನೆಯಲ್ಲಿ ವಿಜ್ಞಾನ ಸಂಘ ಇಲ್ಲ. ಪ್ರತಿ ಅಮಾವಾಸ್ಯೆ ಸುಮಿತ್ರಾ ಕಾರಿಗೆ ಪೂಜೆ ಮಾಡಿ, ಕಾಯಿ ಒಡೆದು, ಮುಂದಿನ ಬಂಪರಿಗೆ ಹೊಸ ಲಿಂಬೆಹಣ್ಣು ಮೆಣಸಿನಕಾಯಿಯ ಸರ ಕಟ್ಟುತ್ತಾಳೆ. ಬಿಚ್ಚಿದ ಹಳೆಯ ಸರವನ್ನು ಮೂರು ದಾರಿ ಕೂಡುವಲ್ಲಿ ಬಿಟ್ಟು, ಹಿಂದಿರುಗಿ ನೋಡದೆ ಬರುವ ಕೆಲಸ ನನ್ನದು. ನಾನು ಪ್ರತಿ ಸಲ "ಹೂಂ" ಎಂದು ಸರ ಹಿಡಿದು ಹೊರಗೆ ಹೋಗುತ್ತಿದ್ದೆ. ಬರಿಗೈಲಿ ಒಳಗೆ ಬರುತ್ತಿದ್ದೆ. ನಡುವೆ ಏನಾಗುತ್ತಿತ್ತೆಂದು ಯಾರೂ ಕೇಳಿರಲಿಲ್ಲ.

ಇಷ್ಟರಲ್ಲಿ ಹುನಗುಂದದಿಂದ ಫೋನು ಬಂತು. ನನ್ನ ಅತ್ತೆ ಗೌರವ್ವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಒಪ್ಪಿದ್ದರು!

ಇದರ ಮಹತ್ವ ಹೇಳಲೇಬೇಕು. ಮೂರು ವರ್ಷದಿಂದ ಅವರು ಈ ಆಪರೇಶನ್ ಮುಂದೂಡುತ್ತಿದ್ದರು. ಒಮ್ಮೆ ಹೊಸ್ತಿಲು ದಾಟುವಾಗ ಯಾರೋ ಸೀನಿದರು, ವಾಪಸು. ಒಮ್ಮೆ ಎದುರುಮನೆಯವರು "ಎಲ್ಲಿಗೆ ಹೊಂಟ್ರಿ?" ಎಂದು ಕೇಳಿಬಿಟ್ಟರು, ವಾಪಸು. ಈಗ ಬಲಗಣ್ಣಿಗೆ ಏನೂ ಕಾಣದು, ಎಡಗಣ್ಣಿಗೆ ಬೆಳಕು ಮಾತ್ರ ಕಾಣುತ್ತದೆ. ಜೀವನವಿಡೀ ಕೌದಿ ಹೊಲಿದ ಕೈ ಅದು. ಹಾಸ್ಟೆಲಿನಲ್ಲಿರುವ ನನ್ನ ಮಗಳಿಗೆಂದು ಹಿಡಿದ ಕೌದಿ ಎರಡು ವರ್ಷದಿಂದ ಅರ್ಧಕ್ಕೆ ನಿಂತು ಟ್ರಂಕಿನಲ್ಲಿತ್ತು. ಇನ್ನು ತಡ ಮಾಡಿದರೆ ಪೊರೆ ಕಲ್ಲಾಗುತ್ತದೆ, ಆಮೇಲೆ ಕಷ್ಟ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬರಬೇಕು.

"ಬಸ್ಸಿನಾಗ ಮಾತ್ರ ಬರಂಗಿಲ್ಲ. ಸೀನಾವ್ರು, ಕೇಳಾವ್ರು ಭಾಳ. ಅಳಿಯಾರ ಕಾರಿನಾಗ ಗಪ್ಪನ ಕುಂತು ಬರ್ತೇನಿ" ಎಂದರು ಅತ್ತೆ. "ಶಕುನಾ ಚಲೋ ಇರಬೇಕು ಅಷ್ಟ."

ನಾನು ಕ್ಯಾಲೆಂಡರ್ ನೋಡಿದೆ. ಭಾನುವಾರ ಅಮಾವಾಸ್ಯೆ. ಮಂಗಳವಾರ ಅಂದರೆ ಬರೋಬ್ಬರಿ ಎರಡು ದಿನ.

"ಬ್ಯಾರೆ ಗಾಡಿ ಹೇಳೋಣೇನ್ರಿ?" ಎಂದಳು ಸುಮಿತ್ರಾ.

"ಯಾಕ? ಒಬ್ಬ ವಿಜ್ಞಾನ ಶಿಕ್ಷಕ ತನ್ನ ಕಾರಿನ ಸೋರಿಕೆ ತಾನು ಹಿಡೀಲಿಕ್ಕೆ ಆಗಂಗಿಲ್ಲೇನು?" ಎಂದೆ. ಮನುಷ್ಯ ಬಾಯಿಯಿಂದಲೇ ಕೆಡುತ್ತಾನೆ.

ಒಂದು ವಾರ ಮುಂಚೆಯೇ ಅನ್ವೇಷಣೆ ಪ್ರಾರಂಭಿಸಿದೆ. ಶಾಲೆಯ ಪ್ರಯೋಗಾಲಯದ ಮೀಟರನ್ನು ದಫ್ತರದಲ್ಲಿ 'ಸಂಶೋಧನೆಗಾಗಿ' ಎಂದು ಬರೆದು ಮನೆಗೆ ತಂದೆ. ವಿಧಾನ ಸರಳ. ಬ್ಯಾಟರಿಯ ಒಂದು ತಂತಿ ಬಿಚ್ಚಿ ನಡುವೆ ಮೀಟರ್ ಇಡಬೇಕು. ಎಲ್ಲ ಆರಿಸಿದ್ದರೂ ಮುಳ್ಳು ಏರಿದರೆ ಸೋರಿಕೆ ಇದೆ ಎಂದರ್ಥ. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಮುಳ್ಳು ಇಳಿಯುತ್ತದೋ ಅಲ್ಲಿ ಕಳ್ಳ!

ಫ್ಯೂಸುಗಳು ಸ್ಟಿಯರಿಂಗಿನ ಕೆಳಗೆ. ಬಾಗಿಲು ತೆರೆದು, ತಲೆ ಕೆಳಗೆ ಕಾಲು ಹೊರಗೆ ಮಾಡಿ ಒಳಗೆ ತೂರಿದೆ. ಆರನೆಯದನ್ನು ಕಿತ್ತಾಗ ಮುಳ್ಳು ದಬಕ್ಕನೆ ಇಳಿಯಿತು. ಒಳಗಿನ ದೀಪಗಳ ಫ್ಯೂಸ್!

"ಸಿಕ್ಕಿತು! ಚಾವಣಿ ದೀಪ!" ಎಂದು ಕೂಗಿದೆ.

ಸುಮಿತ್ರಾ ಅಕ್ಕಿ ಆರಿಸುತ್ತ ಕಟ್ಟೆಯ ಮೇಲೆ ಕೂತಿದ್ದಳು. "ಬಾಗಲಾ ತಗದ್ರ ಅದು ಹತ್ತೇ ಹತ್ತತೈತಲ್ರಿ" ಎಂದಳು.

ಸಾಮಾನ್ಯ ಜನರು ಸಂಶೋಧನೆಯ ನಡುವೆ ಹೀಗೆ ಬಾಯಿ ಹಾಕಬಾರದು. ನಾನು ಚಾವಣಿ ದೀಪದ ಬಲ್ಬನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಫ್ಯೂಸುಗಳನ್ನೆಲ್ಲ ತಿರುಗಿ ಕೂರಿಸಿದೆ. ಒಂದು ಉಳಿಯಿತು. ಕಂಪನಿಯವರು ಹೆಚ್ಚಿಗೆ ಕೊಟ್ಟಿರಬೇಕು ಎಂದು ಅದನ್ನೂ ಜೇಬಿಗೆ ಹಾಕಿದೆ.

"ಆತೇನ್ರಿ? ಚಾಲೂ ಮಾಡಿ ತೋರಸ್ರಿ ನೋಡೋಣು."

ಹೆಂಡತಿ ಅಪರೂಪಕ್ಕೆ ಆಸಕ್ತಿ ತೋರಿಸಿದಾಗ ಯಾವ ಗಂಡನಾದರೂ ಮೈಮರೆಯುತ್ತಾನೆ. ನಡುವೆ ಮೀಟರ್ ಇದೆ ಎಂಬುದನ್ನೂ ಮರೆತೆ. ಕೀಲಿ ತಿರುಗಿಸಿದೆ. ಮೀಟರಿನಿಂದ ನೀಲಿ ಹೊಗೆಯ ಒಂದು ಎಳೆ ಬಹಳ ಗಂಭೀರವಾಗಿ ಮೇಲೆದ್ದಿತು.

ಸಂಶೋಧನೆ ಮುಗಿಯಿತು. ಬಲ್ಬು ತೆಗೆದ ಮೇಲೂ ಮುಳ್ಳು ಏರುತ್ತಿತ್ತೇ ಎಂದು ನೋಡಲು ಈಗ ಮುಳ್ಳೇ ಇರಲಿಲ್ಲ.

ಬ್ಯಾಟರಿಗೆ ತಂತಿ ತಿರುಗಿ ಬಿಗಿದ ಮೇಲೆ ಉಳಿದದ್ದು ಚಿಂತೆ. ದಿನಾ ಸಂಜೆ ಹೋಗಿ ಕೀಲಿ ತಿರುಗಿಸುತ್ತಿದ್ದೆ. ಎಂಜಿನ್ ಗುರ್ ಎಂದರೆ ಸಮಾಧಾನದಿಂದ ಆರಿಸಿ ಒಳಗೆ ಬರುತ್ತಿದ್ದೆ. ಕಾಲು ಗಂಟೆಗೆ ಸಮಾಧಾನ ಹಳಸಿ, ಮತ್ತೆ ಹೋಗಿ ತಿರುಗಿಸುತ್ತಿದ್ದೆ. ಹುಸೇನಸಾಬ್ ಒಂದು ದಿನ ಇದನ್ನು ನೋಡಿ ಸೈಕಲ್ ಇಳಿದ.

"ಸರ, ಏನ್ ಮಾಡಾಕತ್ತೀರಿ? ಪ್ರತಿ ಸಲ ಚಾಲೂ ಮಾಡೂದಕ್ಕ ಬ್ಯಾಟರಿ ಎಷ್ಟ ಖರ್ಚ ಆಗ್ತೈತಿ! ಮಲಗಿದಾವ್ನ ತಾಸಿಗೊಮ್ಮಿ ಎಬ್ಬಿಸಿ 'ನಿದ್ದಿ ಚಲೋ ಬಂತೇನಪಾ' ಅಂತ ಕೇಳಿದ್ರ ಹೆಂಗ್ರಿ?"

ಭಾನುವಾರ ಪೂಜೆಯಾಯಿತು. ಪೂಜೆ ಮುಗಿಸಿಯೇ ಹೊರಡುವುದೆಂದು ಹಟ ಹಿಡಿದ ಅತ್ತೆಯನ್ನು ಅವರ ಮಗ ಹಿಂದಿನ ದಿನವೇ ಬೈಕಿನಲ್ಲಿ ತಂದು ಬಿಟ್ಟಿದ್ದ. ಅವರು ಕಾರಿನ ಮೂತಿಯನ್ನು ಕೈಯಿಂದ ಸವರಿ ತಾವೇ ಕುಂಕುಮ ಹಚ್ಚಿದರು. ನಾನು ಹಳೆಯ ಸರ ಹಿಡಿದು ಹೊರಗೆ ಹೋದೆ, ಬರಿಗೈಲಿ ಒಳಗೆ ಬಂದೆ.

ಮಂಗಳವಾರ ಐದೂವರೆ. ಇನ್ನೂ ಮಬ್ಬುಗತ್ತಲು. ಸಂಗಪ್ಪ ಎದ್ದು "ಎಲ್ಲಿಗೆ ಸರ?" ಎನ್ನದಿರಲಿ ಎಂದು ನಾವು ಮೂವರೂ ಕಳ್ಳರ ಹಾಗೆ ಹೊರಬಿದ್ದೆವು. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದೆ. ಸುಮಿತ್ರಾ ಬುತ್ತಿಗಂಟಿನೊಂದಿಗೆ ಹಿಂದೆ ಕೂತಳು. ನಾನು ಮನಸ್ಸಿನಲ್ಲೇ ಕೂಡಲಸಂಗಮನಿಗೆ ಕೈ ಮುಗಿದು, ವಿಜ್ಞಾನ ಸಂಘದ ಕ್ಷಮೆ ಕೇಳಿ, ಕೀಲಿ ತಿರುಗಿಸಿದೆ.

ಟಿಕ್.

ಇನ್ನೊಮ್ಮೆ ತಿರುಗಿಸಿದೆ. ಟಿಕ್ ಕೂಡ ಬರಲಿಲ್ಲ.

ಅತ್ತೆ ನಿಟ್ಟುಸಿರು ಬಿಟ್ಟು ಸೆರಗು ಸರಿ ಮಾಡಿಕೊಂಡರು. "ಇರಲಿ ಬಿಡ್ರಿ ಅಳಿಯಾರ. ನನ್ನ ಹಣ್ಯಾಗ ಬರದಿಲ್ಲ. ಸುಮಿ, ನನ್ನ ಇಳಸವ್ವ."

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಟ್ರಂಕಿನ ಅರ್ಧ ಕೌದಿ ನನ್ನ ಕಣ್ಣ ಮುಂದೆ ಬಂತು. ಬಾಗಿಲ ಹಿಡಿಕೆ ತಡಕಾಡುತ್ತಿದ್ದ ಅವರ ಕೈ ಹಾಗೇ ನಿಂತಿತು.

"ಇಲ್ಲಿ ನನ್ನ ಮೊಳಕಾಲ ಮುಂದ ಏನೋ ಕೆಂಪಗ ದೀಪ ಕಾಣ್ತೈತಲ್ಲ, ಅದೇನು?"

"ಎಲ್ಲೀದವ್ವಾ ದೀಪ? ಒಳಗಿನ ಬಲ್ಬ್ ಇವರ ಕಿಸೆದಾಗ ಐತಿ" ಎಂದಳು ಸುಮಿತ್ರಾ.

"ಬೆಳಕಷ್ಟ ಕಾಣ್ತೈತಿ ನನಗ. ಅದರಾಗೂ ಸುಳ್ಳಂತೀಯೇನ?"

ನಾನು ಬಗ್ಗಿ ನೋಡಿದೆ. ಗ್ಲೋವ್ ಬಾಕ್ಸಿನ ಮುಚ್ಚಳದ ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು, ಸಾಯುವ ಕೆಂಡದಂತೆ. ಮುಚ್ಚಳ ಪೂರ್ತಿ ಕೂತರೆ ಸ್ವಿಚ್ ಒತ್ತಿ ಆರಬೇಕಾದ ದೀಪ. ಪೂರ್ತಿ ಕೂತಿರಲಿಲ್ಲ. ಯಾಕೆ ಕೂತಿರಲಿಲ್ಲ ಎಂಬುದು ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

"ತಗೀಬ್ಯಾಡ!" ಎಂದೆ. ಸುಮಿತ್ರಾ ಹಿಂದಿನಿಂದ ಕೈ ಚಾಚಿ ತೆಗೆದೇಬಿಟ್ಟಳು.

ದಬದಬನೆ ಅತ್ತೆಯ ಮಡಿಲಿಗೆ ಸುರಿದವು. ಒಣಗಿ ಕಲ್ಲಾದ ಲಿಂಬೆಹಣ್ಣು, ಸುರುಟಿದ ಮೆಣಸಿನಕಾಯಿ, ಇದ್ದಿಲ ಚೂರು. ಏಳು ಅಮಾವಾಸ್ಯೆಯ ಏಳು ಸರಗಳು!

ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ನಮ್ಮಲ್ಲಿ ಮೂರು ದಾರಿ ಕೂಡುವ ಜಾಗದಲ್ಲಿ ಚಹಾದಂಗಡಿ ಇದೆ, ಟ್ಯೂಷನ್ ಕ್ಲಾಸ್ ಇದೆ. ಹೊತ್ತಿಲ್ಲದ ಹೊತ್ತಿನಲ್ಲೂ ನನ್ನ ವಿದ್ಯಾರ್ಥಿಗಳು ಇರುತ್ತಾರೆ. ಮೂಢನಂಬಿಕೆಯ ಮೇಲೆ ಭಾಷಣ ಮಾಡಿದವನು ಅಲ್ಲಿ ಲಿಂಬೆಹಣ್ಣು ಬಿಟ್ಟು ಹಿಂದಿರುಗಿ ನೋಡದೆ ಓಡುವುದು ಹೇಗೆ? ಹಾಗೆಂದು ಕಸದ ಡಬ್ಬಿಗೆ ಹಾಕಲು ಧೈರ್ಯ ಬೇಕಲ್ಲ! ಏನಾದರೂ ಆದರೆ? ಆದ್ದರಿಂದ ಎಲ್ಲವನ್ನೂ ಕೂಡಿಟ್ಟು, ಕೂಡಲಸಂಗಮಕ್ಕೆ ಹೋದಾಗ ಹೊಳೆಗೆ ಬಿಟ್ಟರಾಯಿತು ಎಂದುಕೊಂಡಿದ್ದೆ. ಏಳು ತಿಂಗಳಿಂದ ಹೋಗುವುದೇ ಆಗಿರಲಿಲ್ಲ. ಡಬ್ಬಿ ತುಂಬಿದ ಮೇಲೆ ಪ್ರತಿ ಅಮಾವಾಸ್ಯೆ ಹೊಸದನ್ನು ತುರುಕಿ ಮುಚ್ಚಳ ಒತ್ತುತ್ತಿದ್ದೆ. ಅದು ಕೂತಂತೆ ಮಾಡುತ್ತಿತ್ತು. ಎರಡು ದಿನ ದೀಪ ಉರಿದು ಬ್ಯಾಟರಿ ಸಾಯುತ್ತಿತ್ತು. ಗ್ಯಾರೇಜಿನ ದಾರಿಯ ಗುಂಡಿಗಳಲ್ಲಿ ಹಣ್ಣುಗಳು ಕುಲುಕಿ ಕೆಳಗಿಳಿದು ಮುಚ್ಚಳ ತಾನೇ ಕೂರುತ್ತಿತ್ತು. ಎಲ್ಲವೂ ಸರಿ!

ಅತ್ತೆ ಒಂದನ್ನು ಹಿಡಿದು ಮೂಸಿ ನೋಡಿದರು. ಸೀನಿಗೆ ವಾಪಸು ಹೋದವರು ಅವರು. ಈಗ ಏಳು ತಿಂಗಳ ಕೆಟ್ಟ ದೃಷ್ಟಿ ಇಡಿಯಾಗಿ ಅವರ ಮಡಿಲಲ್ಲಿತ್ತು.

"ಅಳಿಯಾರ, ಇದನ್ನೆಲ್ಲಾ ನೀವ ಇಟ್ಟೀರಿ?"

"ಹೂಂ..."

"ಹಂಗಾರ ಗಾಡಿ ನಿಲ್ಲದ ಏನ್ ಮಾಡೀತು! ಇದು ನನ್ನ ಶಕುನ ಅಲ್ಲವ್ವಾ ಸುಮಿ, ನಿನ್ನ ಗಂಡನ ಕಾರಭಾರ." ಅವರ ಮುಖ ಅರಳಿತ್ತು. ಮೂರು ವರ್ಷದಲ್ಲಿ ಮೊದಲ ಬಾರಿ ಅಪಶಕುನಕ್ಕೆ ಬೇರೊಬ್ಬ ವಾರಸುದಾರ ಸಿಕ್ಕಿದ್ದ. "ಈಗಿಂದೀಗ ಒಯ್ದು ಕೂಡುದಾರ್ಯಾಗ ಬಿಟ್ಟ ಬರ್ರಿ. ಆಮ್ಯಾಲ ದೂಕೋಣು. ಆಪರೇಶನ್ನಿಗೆ ತಡಾ ಆಗ್ತೈತಿ!"

ಟವೆಲಿನಲ್ಲಿ ಏಳು ಸರ ಕಟ್ಟಿಕೊಂಡು ನಡೆದೆ. ಬೆಳಕು ಹರಿದಿತ್ತು. ಗಂಟು ಬಿಚ್ಚಿ ಸುರಿದು ತಲೆ ಎತ್ತುತ್ತೇನೆ, ಎದುರಿಗೆ ಟ್ಯೂಷನ್ನಿಗೆ ಹೊರಟ ನನ್ನ ಹತ್ತನೇ ತರಗತಿಯ ಆರು ಹುಡುಗಿಯರು.

"ಗುಡ್ ಮಾರ್ನಿಂಗ್ ಸರ್!"

ಸಾಷ್ಟಾಂಗ ನಮಸ್ಕಾರ ಹಾಕಿ ಅಲ್ಲೇ ಮಣ್ಣಿನೊಳಗೆ ಹೋಗುವ ಅವಕಾಶವಿದ್ದರೆ ಹೋಗುತ್ತಿದ್ದೆ. ಬದಲಿಗೆ, "ಬರ್ರಿ, ಕಾರ ದೂಕಬೇಕಾಗೇತಿ" ಎಂದೆ. ಬೇರೆ ಯಾರನ್ನು ಕರೆಯಲಿ? ಹುಡುಗಿಯರು ಬಂದು ನೂಕಿದರು. ಸುಮಿತ್ರಾ ಸೆರಗು ಕಟ್ಟಿ ನೂಕಿದಳು. ನೂಕುತ್ತಲೇ ಅವರಿಗೆ ಎಲ್ಲ ಕಥೆ ಹೇಳಿಯೂ ಮುಗಿಸಿದಳು! ಎಂಜಿನ್ ಕೆಮ್ಮಿ ಎದ್ದಿತು. ರೇಣುಕಾ ಎಂಬ ಚುರುಕು ಹುಡುಗಿ ಕಿಟಕಿಯ ಪಕ್ಕ ಓಡುತ್ತ ಕೇಳಿದಳು: "ಸರ್, ಅಂದ್ರ ಮುಚ್ಚಳ ತೆರೆದಿತ್ತು, ಮಂಡಲ ಮುಚ್ಚಿತ್ತು. ಹೌದಲ್ರಿ?"

"ಹೌದು" ಎಂದು ಗೇರ್ ಬದಲಿಸಿದೆ.

ಮಿಕ್ಕಿದ್ದ ಆ ಫ್ಯೂಸು ಯಾವುದರದೆಂದು ಹುನಗುಂದ ಕ್ರಾಸಿನಲ್ಲಿ ಆಡಿನ ಹಿಂಡು ಅಡ್ಡ ಬಂದಾಗ ತಿಳಿಯಿತು. ಹಾರ್ನಿನದು. ಬಾಗಲಕೋಟೆಯವರೆಗೂ ಅತ್ತೆಯೇ ಕಿಟಕಿಯಿಂದ ತಲೆ ಹೊರಹಾಕಿ, "ಹಾದಿ ಬಿಡ್ರೋ! ಆಪರೇಶನ್ನಿಗೆ ಹೊಂಟೇವಿ!" ಎಂದು ಕೂಗುತ್ತ ಬಂದರು. ಎಲ್ಲಿಗೆ ಹೊರಟೆವೆಂದು ಕೇಳಲು ಯಾರಿಗೂ ಅವರು ಅವಕಾಶ ಕೊಡಲಿಲ್ಲ. ಏಳೂ ಐವತ್ತಕ್ಕೆ ತಲುಪಿದೆವು.

ಮರುದಿನ ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ಸುಮಿತ್ರಾಳನ್ನು ನೋಡಿ ಅತ್ತರು. ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿ, "ಅಳಿಯಾರ, ಕೂದ್ಲೆಲ್ಲಾ ಯಾವಾಗ ಹೋದುವ್ರಿ?" ಎಂದರು. ಈಗ ನಮ್ಮ ಕಟ್ಟೆಯ ಮೇಲೆಯೇ ಕೂತು ಕೌದಿ ಮುಗಿಸುತ್ತಿದ್ದಾರೆ. ಮೂರು ದಾರಿ ಕೂಡುವ ಜಾಗ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತದಂತೆ. ಅಮಾವಾಸ್ಯೆಯಂದು ನಾನು ಅಲ್ಲಿಗೆ ಹೋಗಿ ಬರುವವರೆಗೆ ಸೂಜಿ ನಿಲ್ಲಿಸುತ್ತಾರೆ.

ಬ್ಯಾಟರಿ ಆಮೇಲೆ ಸತ್ತಿಲ್ಲ. ಸುಟ್ಟ ಮೀಟರಿಗೆ ವಿವರಣೆ ಬರೆದುಕೊಟ್ಟಿದ್ದೇನೆ. ಕಳೆದ ವಾರ ಕಿರುಪರೀಕ್ಷೆ ಇತ್ತು. 'ವಿದ್ಯುತ್ ಮಂಡಲದಲ್ಲಿ ಸ್ವಿಚ್ಚಿನ ಕಾರ್ಯವನ್ನು ಒಂದು ಉದಾಹರಣೆಯೊಂದಿಗೆ ವಿವರಿಸಿ' ಎಂಬುದು ನಾನು ವರ್ಷವೂ ಕೇಳುವ ಪ್ರಶ್ನೆ. ಅರ್ಧಕ್ಕರ್ಧ ಮಕ್ಕಳು ತಪ್ಪು ಬರೆಯುತ್ತಿದ್ದರು. ಈ ಸಲ ನಲವತ್ತೆರಡು ಮಕ್ಕಳೂ ಸರಿ ಬರೆದಿದ್ದರು. ಚಿತ್ರ ಸಮೇತ. ಲಿಂಬೆಹಣ್ಣಿಗೆ ಬಾಣದ ಗುರುತು ಸಮೇತ.

ಅಂಕ ಕತ್ತರಿಸಲು ತಪ್ಪು ಹುಡುಕಿ ಹುಡುಕಿ ಸೋತೆ. ಒಂದೂ ಸಿಗಲಿಲ್ಲ.