ಹಸಿರು ದಾರದ ಪೆನ್‌ಡ್ರೈವ್

ಸಾಫ್ಟ್‌ವೇರನ್ನು ಬಸ್ಸಿನಲ್ಲಿ ಹೊತ್ತು ಹಂಚುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ, ಅವರು ನಮ್ಮ ಕಾಕಾ! ನಂಬಿಕೆ ಬಾರದಿದ್ದರೆ ಭಾನುವಾರ ಬೆಳಿಗ್ಗೆ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಬಂದು ನೋಡಿ.

ಆಫೀಸಿನಿಂದ ನಿವೃತ್ತರಾದ ಮೇಲೆ ಎಲ್ಲರೂ ವಾಕಿಂಗ್ ಕಲಿತರೆ ಇವರು ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತರು. ಪುಣೆಯ ಐಟಿಯವನಾದ ನನಗೇ ಅದರ ಹೆಸರಷ್ಟೇ ಗೊತ್ತು. ಸಾಲು ಸಾಲು ಬರೀ ಕಂಸಗಳು!

"ಇಷ್ಟ್ಯಾಕ್ರಿ ಕಾಕಾ ಕಂಸ?"

"ತೆರದಿದ್ದನ್ನ ಮುಚ್ಚೂ ಚಟ ಛಲೋ, ತಮ್ಮಾ. ನಿಮ್ಮ ಮನಿ ಫ್ರಿಜ್ಜಿನ ಬಾಗಲಾ ನೋಡು!"

ಆ ಲಿಸ್ಪಿನಲ್ಲೇ ಹೋಟೆಲಿನವರಿಗೆಂದು ಒಂದು ಆಪ್ ಬರೆದರು. ಪುಣೆಯ ಚಳಿ ನೋಡಿ, ನಾಳೆಯ ಇಡ್ಲಿಗೆ ಇವತ್ತು ಎಷ್ಟು ಗಂಟೆಗೆ ಹಿಟ್ಟು ರುಬ್ಬಬೇಕೆಂದು ಅದು ಹೇಳುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬೇರೆ ಬೇರೆ ಪೆನ್‌ಡ್ರೈವ್. ಕೆಂಪು, ಹಸಿರು, ಹಳದಿ ದಾರ. ಇಂಟರ್ನೆಟ್ಟಿಗೆ ಹಾಕಬಾರದೇ ಎಂದು ಕೇಳಿದರೆ, "ತೊಗೊಂಡವ್ರ ಮಾರಿ ಕಾಣೂದಿಲ್ಲಲ್ಲೋ!"

ಬಳಗದಲ್ಲಿ ಮ್ಯಾಕ್ ಇದ್ದವನು ನಾನೊಬ್ಬನೇ. ಹಸಿರು ದಾರದ್ದನ್ನು ನನಗೆ ಕೊಟ್ಟು, ನಡೆಸಿ ನೋಡು ಅಂದರು. ಒಂದು ತಿಂಗಳು ಡ್ರಾಯರಿನಲ್ಲಿಟ್ಟು, "ನೋಡಿದೆ ಕಾಕಾ, ಮಸ್ತ್ ನಡೀತದ" ಎಂದು ಮರಳಿಸಿದೆ. ಹೇಳಲು ನಾಚಿಕೆಯಾಗುತ್ತದೆ, ನಾನದನ್ನು ಮ್ಯಾಕಿಗೆ ಸಿಕ್ಕಿಸಿಯೂ ನೋಡಿರಲಿಲ್ಲ.

ಕಳೆದ ಭಾನುವಾರ ನನ್ನನ್ನೂ ಪುಣೆಯ ಆಚೆಗಿನ ಕುರಕುಂಭ ಎಂಬ ಊರಿಗೆ ಎಳೆದುಕೊಂಡು ಹೋದರು. ಅಲ್ಲಿನ ಹೋಟೆಲಿನ ಶೆಟ್ಟರು ಮಗಳ ಮ್ಯಾಕ್ ತಂದಿಟ್ಟರು. ಕಾಕಾ ಕ್ಲಿಕ್ ಮಾಡಿದರು. ಮತ್ತೆ ಮಾಡಿದರು. ಊಹೂಂ!

"ಎಂತ ಮಾರಾಯ್ರೆ, ಇದು ಓಪನ್ನೇ ಆಗುದಿಲ್ಲ ಅಲ್ವಾ?"

"ಇಂವ ನೋಡ್ಯಾನ್ರಿ," ಎಂದು ಕಾಕಾ ನನ್ನತ್ತ ಕೈ ಮಾಡಿದರು. "ನಂದ ಏನರೆ ತಪ್ಪಾಗಿರಬೇಕು."

ನಾನು ಗೋಡೆಯ ಮೇಲಿನ ತಿಂಡಿಗಳ ಪಟ್ಟಿ ಓದತೊಡಗಿದೆ!

ಕಾಕಾ ಕೆಂಪು ದಾರದ್ದನ್ನು ಗಲ್ಲಾಪೆಟ್ಟಿಗೆಯ ಪಕ್ಕದ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರು. ಇದನ್ನು ಮಾಡಿದವರು ಅಪರಿಚಿತರು, ಎಚ್ಚರ ಎಂದು ಪರದೆ ಹೆದರಿಸಿತು. ಶೆಟ್ಟರು ಕೈ ಹಿಂದೆಗೆದರು. ಕಾಕಾ ಎದ್ದು ನಿಂತು ಕೈಮುಗಿದರು. "ಅಂವ ನಾನ ರೀ. ಈಗ ಪರಿಚಯ ಆತಲ್ಲ, ಒತ್ರಿ!"

ಆಪ್ ತೆರೆಯಿತು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ 'ಪರೀಕ್ಷಿಸಿದವರು' ಎಂದು ನನ್ನ ಹೆಸರು! ಕಾಕಾ ಅವರದು ಅದರ ಕೆಳಗೆ, ಸಣ್ಣದಾಗಿ. ಶೆಟ್ಟರು ನನ್ನ ಕೈ ಕುಲುಕಿದರು. ಆ ಕೈಯನ್ನು ಎಲ್ಲಿ ಬಚ್ಚಿಡಲಿ ಎನಿಸಿತು.

ವಾಪಸು ಬಸ್ಸಿನಲ್ಲಿ ಹೇಗೋ ಹೇಳಿದೆ. "ಕಾಕಾ, ನಾ ಅದನ್ನ ತೆರದ ಇರ್ಲಿಲ್ಲ."

"ಗೊತ್ತಾತು. ನಿನಗ ಕೊಡೂ ಮುಂಚೇನ ನಿನ್ನ ಹೆಸರು ಹಾಕಿದ್ದೆ, ತೆರದಿದ್ರ ಅದನ್ನ ನೋಡಿ ಅವತ್ತ ಫೋನ್ ಮಾಡ್ತಿದ್ದಿ."

"ನನ್ನ ಹೆಸರು ತೆಗೆದುಬಿಡ್ರಿ."

ಅವರು ಹಸಿರು ದಾರದ್ದನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.

"ಹೆಸರು ಇರ್ಲಿ, ತಮ್ಮಾ. ಮನೀಗೆ ಹೋಗಿ ಈಗರೆ ನೋಡು."