ಹದ್ದಿನ ಮುದ್ರೆ ಬಿದ್ದ ರೆಕ್ಕೆಗಳು

ಫಯೂಮ್ ಪಕ್ಕದ ನಮ್ಮೂರಿನ ಮರಳರೆಕ್ಕೆ ಸಂಘ ಕಳೆದ ವರ್ಷ ನಡೆಸಿದ ಮಾದರಿ ವಿಮಾನ ಹಾರಾಟ ಸ್ಪರ್ಧೆಯಲ್ಲಿ ಹನ್ನೊಂದು ವಿಮಾನಗಳು ಭಾಗವಹಿಸಿದ್ದವು. ಅವುಗಳಲ್ಲಿ ಒಂದು ಹಾರಿತು. ಈ ಅಶಿಸ್ತು ಹೇಗೆ ನಡೆಯಿತೆಂಬುದನ್ನು ಮುಂದಿನವರ ತಿಳಿವಳಿಕೆಗಾಗಿ ಇಲ್ಲಿ ದಾಖಲಿಸಲಾಗಿದೆ.

ಹಾರಿದ ವಿಮಾನ ಔಷಧಿ ಅಂಗಡಿಯ ಸಫ್ವತನ ಹೆಂಡತಿ ರಾವ್ಯಾಳದು. ಊರಲ್ಲಿ ಯಾರೂ ಅವಳನ್ನು ರಾವ್ಯಾ ಎನ್ನುವುದಿಲ್ಲ. ಮಗನ ಹೆಸರು ಹಿಡಿದು ಉಮ್ ಹಾತಿಮ್, ಅಂದರೆ ಹಾತಿಮನ ತಾಯಿ ಎನ್ನುತ್ತಾರೆ. ಆ ಸ್ಪರ್ಧೆಗೂ ಹಿಂದಿನ ಎರಡು ವರ್ಷ ವಿಮಾನ ಕಟ್ಟಿದವಳು ಅವಳು, ದಾರ ಎಳೆದು ಹಾರಿಸಿದವನು ಸಫ್ವತ್. ಅವನ ಹೆಸರು ಕೆತ್ತಿದ ಎರಡು ಬಹುಮಾನದ ಕಪ್ಪುಗಳ ಧೂಳನ್ನು ಅವಳೇ ಒರೆಸುತ್ತಾಳೆ. ಮೂರನೆಯ ಕಪ್ಪಿನ ಮೇಲೆ ತನ್ನ ಹೆಸರಿರಬೇಕೆಂದು ಅವಳು ಸಂಘಕ್ಕೆ ಅರ್ಜಿ ಬರೆದಳು: ಆರನೆಯ ನಿಯಮದ ಪ್ರಕಾರ ಕಟ್ಟಿದವರೇ ಹಾರಿಸಬೇಕು. ದಯವಿಟ್ಟು ನಿಯಮವನ್ನು ಜಾರಿಗೆ ತನ್ನಿ.

ಸಂಘಕ್ಕೆ ನಿಯಮಗಳಿರುವ ವಿಷಯ ಅಧ್ಯಕ್ಷ ಉಸ್ತಾದ್ ಶವ್ಕತರಿಗೆ ತಿಳಿದದ್ದು ಆಗಲೇ. ಅವರು ನಿವೃತ್ತ ಗುಮಾಸ್ತರು. ನಿಯಮದ ಪುಸ್ತಕ ಸಿಕ್ಕ ಸಂತೋಷಕ್ಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಒಂದನ್ನು ಜಾರಿ ಮಾಡಿ ಉಳಿದವನ್ನು ಬಿಟ್ಟರೆ ಪಕ್ಷಪಾತವಾಗುತ್ತದೆಂದು ಅವರು ಅಷ್ಟನ್ನೂ ಜಾರಿ ಮಾಡಿದರು. ಸಾಲದ್ದಕ್ಕೆ ನಾಲ್ಕನ್ನು ತಾವೇ ಬರೆದು ಸೇರಿಸಿದರು.

ಸ್ಪರ್ಧೆಯ ಬೆಳಿಗ್ಗೆ ಫಲಕದ ಮೇಲೆ ಹೀಗಿತ್ತು: "ಪ್ರತಿ ವಿಮಾನದ ಎಡರೆಕ್ಕೆಯ ಮೇಲೆ ಹದ್ದಿನ ಮುದ್ರೆ ಇರತಕ್ಕದ್ದು. ಮುದ್ರೆ ಇಲ್ಲದ ವಿಮಾನ ವಿಮಾನವಲ್ಲ. ಮುದ್ರೆ ಬಿದ್ದ ನಂತರ ದುರಸ್ತಿ ಮಾಡಿದರೆ ಅದು ಬೇರೆ ವಿಮಾನ."

ಸರ್ಕಾರದ ಹದ್ದಿನ ಮುದ್ರೆಯಿಲ್ಲದೆ ಈ ದೇಶದಲ್ಲಿ ಹುಟ್ಟುವುದೂ ಕಷ್ಟ, ಸಾಯುವುದೂ ಕಷ್ಟ. ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಆದರೆ ಈ ವಿಮಾನಗಳ ರೆಕ್ಕೆ ಎಂದರೆ ಕಡ್ಡಿಗಳ ಮೇಲೆ ಅಂಟಿಸಿದ ಈರುಳ್ಳಿ ಸಿಪ್ಪೆಯಂಥ ಕಾಗದ. ಶವ್ಕತರದೋ ಮೂವತ್ತು ವರ್ಷ ಕಡತಗಳ ಮೇಲೆ ಗುದ್ದಿ ಪಳಗಿದ ಕೈ. ಮೊದಲನೆಯ ರೆಕ್ಕೆಯಲ್ಲಿ ಹದ್ದು ಮೇಲಿನಿಂದ ಹೊಕ್ಕು ಕೆಳಗಿನಿಂದ ಹೊರಬಂತು. ಎರಡನೆಯದರಲ್ಲೂ ಅಷ್ಟೇ. ಹತ್ತು ವಿಮಾನಗಳು ಹತ್ತು ತೂತುಗಳೊಂದಿಗೆ ಅಧಿಕೃತವಾದವು. ಮಾಲೀಕರು ಕೃತಜ್ಞತೆ ಸಲ್ಲಿಸಿ ಪಕ್ಕಕ್ಕೆ ನಿಂತರು.

ಹನ್ನೊಂದನೆಯವಳು ರಾವ್ಯಾ. ಅವಳು ಚೀಲದಿಂದ ಬೆಳಗಿನ ಒಂದು ರೊಟ್ಟಿ ತೆಗೆದು ರೆಕ್ಕೆಯ ಅಡಿಗೆ ಒತ್ತಾಗಿ ಇಟ್ಟಳು.

"ಇದೇನಮ್ಮ, ಉಮ್ ಹಾತಿಮ್?"

"ರೊಟ್ಟಿ, ಉಸ್ತಾದ್ರೇ. ರೊಟ್ಟಿ ಇಡಬಾರದು ಅಂತ ಎಷ್ಟನೇ ನಿಯಮದಲ್ಲಿದೆ?"

ಶವ್ಕತರು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದರು. ಇರಲಿಲ್ಲ. ಗುದ್ದಿದರು. ರೆಕ್ಕೆ ಹರಿಯದೆ ಹದ್ದು ಅದರ ಮೇಲೆ ಕೂತಿತು. ಕೆಳಗಿನ ರೊಟ್ಟಿ ಮಾತ್ರ ಅಪ್ಪಚ್ಚಿಯಾಯಿತು.

ಇನ್ನೊಂದು ತಪಾಸಣೆ ಉಳಿದಿತ್ತು. ಗಾಳಿ ಬಿಸಿಯಾದಾಗ ಇಂಥ ವಿಮಾನ ಮೇಲೇರುತ್ತಲೇ ಹೋಗುತ್ತದೆ. ಅದು ಇಳಿಯಲೆಂದು ಬಾಲಕ್ಕೊಂದು ಸಣ್ಣ ಬತ್ತಿ ಕಟ್ಟಿ ಹೊತ್ತಿಸಿ ಬಿಡುತ್ತಾರೆ. ಮೂರು ನಿಮಿಷಕ್ಕೆ ಬತ್ತಿ ಉರಿದು ದಾರ ಕತ್ತರಿಸುತ್ತದೆ, ಬಾಲ ಮೇಲಕ್ಕೆದ್ದು ವಿಮಾನ ತಣ್ಣಗೆ ಕೆಳಗೆ ಬರುತ್ತದೆ. ಮೈದಾನದಲ್ಲಿ ಬೆಂಕಿ ನಿಷಿದ್ಧವೆಂದು ಶವ್ಕತರು ಬತ್ತಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಆಮೇಲೆ ಅದೇ ಮೈದಾನದಲ್ಲಿ ಸಿಗರೇಟು ಹಚ್ಚಿದರು.

"ಬತ್ತಿ ಇಲ್ದಿದ್ರೆ ಅದು ಇಳಿಯಲ್ಲ, ಉಸ್ತಾದ್ರೇ."

"ಹಾರೋದು ನಿನ್ನ ಜವಾಬ್ದಾರಿ ಕಣಮ್ಮ. ಇಳಿಯೋ ಬಗ್ಗೆ ಅರ್ಜಿ ಕೊಟ್ಟಿದ್ಯಾ?"

ಕೊಟ್ಟಿರಲಿಲ್ಲ. ರಾವ್ಯಾ ಚಪ್ಪಲಿ ಬಿಟ್ಟು ದಾರ ಹಿಡಿದು ಓಡಿದಳು. ವಿಮಾನ ಏರಿತು, ದಾರ ಕಳಚಿತು. ಮೂರು ನಿಮಿಷಕ್ಕೆ ಪೂರ್ಣ ಅಂಕ. ಅದು ಮೂರನ್ನು ದಾಟಿ, ಹತ್ತನ್ನು ದಾಟಿ, ಸರೋವರದ ಕಡೆಗೆ ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಯಿತು. ಏಳು ತಿಂಗಳ ಕೆಲಸ. ಸಫ್ವತ್ ಒಬ್ಬನೇ ಚಪ್ಪಾಳೆ ತಟ್ಟಿದ, ಅಕ್ಕಪಕ್ಕ ನೋಡಿ ನಿಲ್ಲಿಸಿದ.

ತೀರ್ಪು ಸಂಜೆಯೊಳಗೆ ಬಂತು. ಹಾರಾಟದ ನಂತರ ಮುದ್ರೆಯನ್ನು ಪರಿಶೀಲಿಸಬೇಕು; ಪರಿಶೀಲಿಸಲು ವಿಮಾನವಿಲ್ಲ; ಆದ್ದರಿಂದ ಹಾರಾಟ ನಡೆದಿಲ್ಲ. ಹನ್ನೊಂದನೆಯ ವಿಮಾನವನ್ನು ಅನುಮತಿಯಿಲ್ಲದೆ ಗೈರುಹಾಜರು ಎಂದು ಘೋಷಿಸಲಾಯಿತು. ಮೈದಾನ ಬಿಟ್ಟು ಕದಲದ ಹತ್ತು ವಿಮಾನಗಳು ಪ್ರಥಮ ಸ್ಥಾನವನ್ನು ಹಂಚಿಕೊಂಡವು. ಅವುಗಳ ಶಿಸ್ತನ್ನು ಸಭೆ ಮೆಚ್ಚಿಕೊಂಡಿತು.

ಮೂರು ವಾರದ ಮೇಲೆ ಮೀನುಗಾರನೊಬ್ಬ ವಿಮಾನವನ್ನು ತಂದು ರಾವ್ಯಾಳ ಮನೆ ಬಾಗಿಲಲ್ಲಿಟ್ಟ. ರೆಕ್ಕೆಯಲ್ಲಿ ಹದ್ದು ಹಾಗೇ ಇತ್ತು. ಅವಳು ಅದನ್ನು ಸಂಘಕ್ಕೆ ಒಯ್ದಳು. ಶವ್ಕತರು ಭೂತಗನ್ನಡಿಯಲ್ಲಿ ನೋಡಿ, ಮುದ್ರೆ ಅಸಲಿ, ಆದರೆ ಇಪ್ಪತ್ತೆರಡು ದಿನ ಹೊರಗಿದ್ದ ವಿಮಾನ ಇದೇ ಎಂಬುದಕ್ಕೆ ಮುದ್ರೆ ಬಿದ್ದ ಪತ್ರವಿಲ್ಲ ಎಂದರು. ಕೂರಿಸಿ ಚಹಾ ಕೊಟ್ಟರು, ಎರಡು ಚಮಚ ಸಕ್ಕರೆ ಹೆಚ್ಚಾಗಿಯೇ ಹಾಕಿಸಿದರು.

ಈ ವರ್ಷದ ಸ್ಪರ್ಧೆಗೆ ರಾವ್ಯಾ ಅಡುಗೆಮನೆಯ ರೊಟ್ಟಿ ಹಲಗೆಯನ್ನು ತಂದಳು. ಒಂದು ತುದಿಗೆ ಬಾಲವೆಂದು ಮರದ ಸೌಟು ಕಟ್ಟಿದ್ದಳು.

ಶವ್ಕತರು ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಇದು ಹಾರಲ್ಲ ತಾನೇ, ಉಮ್ ಹಾತಿಮ್?"

"ಸತ್ರೂ ಹಾರಲ್ಲ, ಉಸ್ತಾದ್ರೇ. ಧೈರ್ಯವಾಗಿ ಗುದ್ದಿ."

ಮುದ್ರೆ ಇಷ್ಟು ಸ್ಫುಟವಾಗಿ ಸಂಘದ ಇತಿಹಾಸದಲ್ಲೇ ಬಿದ್ದಿರಲಿಲ್ಲ. ಪ್ರಥಮ ಬಹುಮಾನ ಅದಕ್ಕೇ ಬಂತು. ಕಪ್ಪಿನ ಮೇಲೆ 'ರಾವ್ಯಾ' ಎಂದು ಕೆತ್ತಿಸಲಾಗಿದೆ, ಅಕ್ಷರದೋಷವಿಲ್ಲ. ಅದರ ಧೂಳನ್ನು ಈಗ ಸಫ್ವತ್ ಒರೆಸುತ್ತಾನೆ.

ಶುಕ್ರವಾರ ನಮಾಜು ಮುಗಿದ ಮೇಲೆ ಅವಳು ಹಳೆಯ ವಿಮಾನವನ್ನು ಮಾಳಿಗೆಯಿಂದ ಬಿಡುತ್ತಾಳೆ, ಬಾಲಕ್ಕೆ ಬತ್ತಿ ಹೊತ್ತಿಸಿ. ಅದು ಪಾರಿವಾಳದ ಗೂಡುಗಳ ಮೇಲೆ ಎರಡು ಸುತ್ತು ಹಾಕಿ ಹಿತ್ತಲಿಗೆ ಇಳಿಯುತ್ತದೆ. ಬೀದಿಯ ಜನ ಬೀಜ ಮೆಲ್ಲುತ್ತ, ಕಣ್ಣಿಗೆ ಕೈ ಅಡ್ಡ ಹಿಡಿದು, ಕತ್ತೆತ್ತಿ ನಿಲ್ಲುತ್ತಾರೆ. ಕಳೆದ ವಾರ ಶವ್ಕತರೂ ನಿಂತಿದ್ದರು, ಅದು ಇಳಿಯುವವರೆಗೆ. ಏನು ನೋಡ್ತಿದ್ದೀರಿ ಎಂದು ಯಾರೋ ಕೇಳಿದ್ದಕ್ಕೆ, "ಏನೂ ಇಲ್ಲವಲ್ಲ" ಎಂದರು.

ಹೌದು, ಏನೂ ಇಲ್ಲ ಎಂದು ಇಡೀ ಬೀದಿ ಒಪ್ಪಿತು. ಮುಂದಿನ ಶುಕ್ರವಾರ ಸ್ವಲ್ಪ ಬೇಗ ಬರುವುದೆಂದೂ ತೀರ್ಮಾನವಾಯಿತು.